‘ಫಂತೆ’ಗೆ ‘ಪರದೇಶಿ’ ಒಪ್ಪುತ್ತಾ?

ಗೆಳೆಯರೇ, ಮೂರು ದಿನದಿಂದ ಒಂದೇ ಪದದ ಹಿಂದೆ ಬಿದ್ದಿದ್ದೇನೆ. ನಾರ್ವೆಯ ಒಂದು ಮೂಕಿ ಚಿತ್ರದಲ್ಲಿ ದೃಶ್ಯಗಳ ನಡುವೆ ಬರುವ ಬರಹದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಚಿತ್ರದ ಹೆಸರು ‘ಫಂತೆ-ಅನ್ನೆ’, ಬಂದದ್ದು 1920ರಲ್ಲಿ. ನಿರ್ದೇಶಕ ರಾಸ್ಮುಸ್ ಬ್ರೈಸ್ಟೈನ್. ಈತ ನಟ, ಪಿಟೀಲು ನುಡಿಸುತ್ತಿದ್ದವನು ಕೂಡ. ನಾರ್ವೆಯ ಹಳ್ಳಿ ಬದುಕನ್ನು ಪರದೆಗೆ ತಂದ ಮೊದಲಿಗರಲ್ಲಿ ಒಬ್ಬ. ನಾಯಕಿ ಓಸ್ತಾ ನೀಲ್ಸೆನ್. ಡೆನ್ಮಾರ್ಕಿನ ದೊಡ್ಡ ತಾರೆ ಆಸ್ತಾ ಅಲ್ಲ, ನಾನೂ ಮೊದಲು ಮೋಸ ಹೋಗಿದ್ದೆ.

ಹೆಸರು ಕಟ್ಟುವ ರೀತಿಯೇನೋ ನಮ್ಮದೇ. ಕುಂಟ ಬೋರ, ಹುಚ್ಚ ತಿಮ್ಮ ಅಂತ ನಾವು ಹೆಸರಿನ ಮುಂದೆ ಒಂದನ್ನು ಅಂಟಿಸುವುದಿಲ್ಲವೇ, ಹಾಗೇ. ತೊಡಕಿರುವುದು ‘ಫಂತೆ’ಯಲ್ಲಿ. ಊರೂರು ಸುತ್ತಿ ಬದುಕುತ್ತಿದ್ದ ಜನರನ್ನು ನೆಲೆನಿಂತ ರೈತರು ಹೀಗೆ ಕರೆಯುತ್ತಿದ್ದರು. ಅದು ಬೈಗುಳ. ಆ ಜನ ತಮ್ಮನ್ನು ‘ರೈಸೆಂದೆ’, ಅಂದರೆ ಪಯಣಿಗರು, ಎಂದು ಕರೆದುಕೊಳ್ಳುತ್ತಾರೆ.

ಅನ್ನೆ ದೊಡ್ಡ ರೈತರ ಮನೆಯಲ್ಲಿ ಆ ಮನೆಯ ಮಗನ ಜೊತೆ ಬೆಳೆದವಳು. ನನ್ನ ಅಪ್ಪ ಅಮ್ಮ ಯಾರು ಎಂದು ಒಂದು ದಿನ ಆ ಮನೆಯ ಕೆಲಸದಾಳು ಯೋನ್‌ನನ್ನು ಕೇಳುತ್ತಾಳೆ. ಒಂದು ರಾತ್ರಿ ಅಲೆಯುತ್ತಾ ಬಂದು ಅಲ್ಲೇ ಸತ್ತ ಹೆಂಗಸಿನ ಕಥೆಯನ್ನು ಅವನು ಹೇಳುತ್ತಾನೆ. ಆ ಕ್ಷಣದಿಂದ ಹೆಸರಿನ ಮೊದಲರ್ಧ ಚುಚ್ಚಬೇಕು.

‘ಅಲೆಮಾರಿ’ ಚುಚ್ಚುವುದಿಲ್ಲ. ಅದೀಗ ಸರ್ಕಾರಿ ಕಡತದ ಪದ. ‘ತಿರುಕಿ’ ಎಂದರೆ ಭಿಕ್ಷೆಯೇ ಮುಂದೆ ನಿಲ್ಲುತ್ತದೆ. ನಮ್ಮ ಯಾವುದೋ ಸಮುದಾಯದ ಹೆಸರನ್ನೇ ಬೈಗುಳ ಮಾಡಿ ಹಾಕಲು ನನಗಂತೂ ಮನಸ್ಸಿಲ್ಲ.

ಉಳಿದದ್ದು ‘ಪರದೇಶಿ’. ನಮ್ಮ ಅಜ್ಜಿ ಬೈಯುತ್ತಿದ್ದ ಪರದೇಶಿ, ಹಿಂದೆ ಮುಂದೆ ಯಾರೂ ಇಲ್ಲದವರು ಅನ್ನುವ ಅರ್ಥದ್ದು. ಅನ್ನೆಗೆ ಸರಿಯಾಗಿ ಕೂರುತ್ತದೆ, ಅಲ್ವಾ? ಕೊನೆಯಲ್ಲಿ ಅವಳು ಯೋನ್ ಜೊತೆ ಅಮೆರಿಕಕ್ಕೆ ಹೊರಡುವುದರಿಂದ ಇನ್ನೊಂದು ಅರ್ಥವೂ ಸುಮ್ನೆ ಸಿಕ್ಕಿಬಿಡುತ್ತದೆ. ಆದರೆ ಪರದೇಶಿತನ ಅವಳೊಬ್ಬಳ ಪಾಡು. ಫಂತೆ ಅನ್ನುವುದು ತಾಯಿಯಿಂದ ಬಂದ ಹಣೆಪಟ್ಟಿ. ಅದು ಇಲ್ಲಿ ಬಿಟ್ಟುಹೋಗುತ್ತದೆ. ಮೇಲಾಗಿ ಈಗಿನ ಹುಡುಗರು ‘ಪರದೇಶಿ ಅನ್ನೆ’ ಎಂದು ಓದಿದರೆ ವಿದೇಶದವಳು ಅಂದುಕೊಳ್ಳುವ ಸಾಧ್ಯತೆಯೇ ಜಾಸ್ತಿ.

ನಿಮ್ಮ ಕಡೆ ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲದ ಹುಟ್ಟನ್ನು ಹಂಗಿಸುವ, ಆದರೆ ಯಾವ ಜಾತಿಯನ್ನೂ ಹೆಸರಿಸದ ಪದ ಇದೆಯೇ? ಎರಡು ಮೂರು ಅಕ್ಷರದ್ದಾದರೆ ಒಳ್ಳೆಯದು, ಫಲಕದಲ್ಲಿ ಜಾಗ ಕಡಿಮೆ.