ತಮ್ಮಾ, ಶನಿವಾರ ಆ ಕಾರಲ್ಲಿ ಹೊರಡಬೇಡ

ತಮ್ಮಾ, ಈಗಷ್ಟೇ ಕೆಲಸ ಮುಗಿಸಿ ಬಂದು ನಮ್ಮ ಮನೆಯವರ ಗ್ರೂಪ್ ನೋಡಿದೆ. ನಿನ್ನ ಮೆಸೇಜು ಓದಿ ಕೋಟು ಕೂಡ ತೆಗೆಯದೆ ಹಾಗೇ ಕೂತು ಹೇಳುತ್ತಿದ್ದೇನೆ. ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಕೇಳು.

ನೀನು ಬರೆದಿದ್ದು ಇಷ್ಟು ಅಲ್ವಾ? ನಿನ್ನೆ ಸಂಜೆ ಅಂಗಡಿಯ ಪಾರ್ಕಿಂಗ್‌ನಲ್ಲಿ ಕಾರು ತಿರುಗಿಸುವಾಗ ಕೆಳಗೆಲ್ಲೋ ಟಕ್ ಅಂತ ಸದ್ದಾಯಿತು. ಸ್ಟೀರಿಂಗ್ ಕಲ್ಲಿನ ಹಾಗೆ ಗಟ್ಟಿಯಾಯಿತು. ಎದುರಿಗೆ ಸ್ಟೀರಿಂಗ್ ಚಿತ್ರದ ದೀಪ ಹತ್ತಿತು. ಆಫ್ ಮಾಡಿ ಆನ್ ಮಾಡಿದ ಮೇಲೆ ಸರಿಹೋಯಿತು. ಇವತ್ತು ಬೆಳಿಗ್ಗೆ ಮತ್ತೆ ಹಾಗೇ ಆಯಿತು. ಚಳಿಗೆ ಹೀಗಾಗಿರಬೇಕು, ಶನಿವಾರ ಮಕ್ಕಳ ಜೊತೆ ಒಟ್ಟಾವಾಕ್ಕೆ ಹೋಗಿ ಬಂದು ಆಮೇಲೆ ತೋರಿಸುತ್ತೇನೆ ಅಂದಿದ್ದೀಯ.

ಬೇಡ. ಮೊದಲು ತೋರಿಸು, ಆಮೇಲೆ ಒಟ್ಟಾವಾ.

ನನಗೆ ಯಾಕೆ ಇಷ್ಟು ಗಾಬರಿ ಅಂದರೆ, ಮೂರು ವರ್ಷದ ಹಿಂದೆ ನನಗೂ ಇದೇ ಆಗಿತ್ತು. ಜನವರಿ ತಿಂಗಳು. ಇದೇ ಟಕ್, ಇದೇ ದೀಪ. ನಾನೂ ಚಳಿಗೆ ಅಂದುಕೊಂಡು ಎರಡು ವಾರ ಹಾಗೇ ಓಡಿಸಿದೆ. ಒಂದು ಸಂಜೆ ಮಗಳನ್ನು ಈಜು ಕ್ಲಾಸಿನಿಂದ ಕರೆದುಕೊಂಡು ಬರುತ್ತಿದ್ದೆ. ಸಿಗ್ನಲ್‌ನಲ್ಲಿ ಎಡಕ್ಕೆ ತಿರುಗುವಾಗ, ಸ್ಟೀರಿಂಗ್ ಅರ್ಧ ತಿರುಗಿದೆ ಅನ್ನುವಾಗ, ಕೈಗೆ ಒಮ್ಮೆಲೇ ಭಾರ ಬಂತು. ಕಾರು ನಾನು ಅಂದುಕೊಂಡಷ್ಟು ತಿರುಗಲಿಲ್ಲ. ಅಗಲವಾಗಿ ಹೋಗಿ, ಆಚೆ ಬದಿಯಲ್ಲಿ ನಿಂತಿದ್ದ ಟ್ರಕ್ಕಿನ ಮುಂದಿನಿಂದ ಒಂದು ಮೊಳ ದೂರದಲ್ಲಿ ಹಾದುಹೋಯಿತು. ಎರಡೂ ಕೈ ಹಾಕಿ ಎಳೆದು ಪಕ್ಕಕ್ಕೆ ನಿಲ್ಲಿಸಿದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಗ್ಯಾರೇಜಿಗೆ ಟೋ ಮಾಡಿಸಿದೆವು. ಅಲ್ಲಿಯ ಮೆಕ್ಯಾನಿಕ್ ಕಾರನ್ನು ಲಿಫ್ಟ್ ಮೇಲೆ ಏರಿಸಿ, ಅಡಿಯ ಪ್ಲಾಸ್ಟಿಕ್ ಕವರ್ ಬಿಚ್ಚಿ ನನ್ನನ್ನು ಕರೆದರು. ಕವರ್ ಒಳಗೆ ಒಂದು ಬೋಲ್ಟಿನ ತಲೆ ಬಿದ್ದಿತ್ತು. ಅದನ್ನು ನನ್ನ ಅಂಗೈಯಲ್ಲಿ ಇಟ್ಟರು. ಕಿರುಬೆರಳಿನಷ್ಟೂ ದಪ್ಪ ಇಲ್ಲ. ಕೆಂಪು ತುಕ್ಕು ಇರುತ್ತದೆ ಅಂದುಕೊಂಡಿದ್ದೆ, ಇರಲಿಲ್ಲ. ಎಲೆಗೆ ಹಚ್ಚುವ ಸುಣ್ಣ ಒಣಗಿದ ಹಾಗೆ ಬಿಳಿ ಪುಡಿ ಅಂಟಿತ್ತು. ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಕಬ್ಬಿಣ ಕೆಂಪಗೆ ತುಕ್ಕು ಹಿಡಿಯುತ್ತದೆ, ಅಲ್ಯೂಮಿನಿಯಂ ಹೀಗೆ ಬೆಳ್ಳಗೆ ಅಂತ ಅವರು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಬೋಲ್ಟಿನ ಉಳಿದ ಭಾಗ ಒಳಗೇ ಕಚ್ಚಿಕೊಂಡಿತ್ತು. ಪಕ್ಕದ ಇನ್ನೊಂದು ಬೋಲ್ಟೂ ಸೀಳು ಬಿಟ್ಟಿತ್ತು.

ಒಂದು ಬೋಲ್ಟಿಗೂ ಸ್ಟೀರಿಂಗ್ ಗಟ್ಟಿಯಾಗುವುದಕ್ಕೂ ಏನು ಸಂಬಂಧ ಅಂತ ನೀನು ಕೇಳಬಹುದು. ಈಗಿನ ಕಾರುಗಳಲ್ಲಿ ನಾವು ಸ್ಟೀರಿಂಗ್ ತಿರುಗಿಸಿದಾಗ ಎಷ್ಟು ಜೋರು ಹಾಕಿದೆವು ಅನ್ನುವುದನ್ನು ಒಂದು ಸೆನ್ಸರ್ ಅಳೆಯುತ್ತದೆ. ಅದನ್ನು ನೋಡಿ ಒಂದು ಎಲೆಕ್ಟ್ರಿಕ್ ಮೋಟಾರು ನಮಗೆ ಸಹಾಯ ಮಾಡುತ್ತದೆ. ಬಹಳ ಕಾರುಗಳಲ್ಲಿ ಈ ಮೋಟಾರು ಕೆಳಗೆ, ಮುಂದಿನ ಚಕ್ರಗಳ ನಡುವೆ, ಸ್ಟೀರಿಂಗ್ ಗೇರಿನ (ನಾವು ತಿರುಗಿಸಿದ್ದನ್ನು ಚಕ್ರಗಳಿಗೆ ಮುಟ್ಟಿಸುವ ಭಾಗ, ರ‍್ಯಾಕ್ ಅಂತಲೂ ಅನ್ನುತ್ತಾರೆ) ಮೈಗೆ ಕೆಲವೇ ಬೋಲ್ಟುಗಳಿಂದ ಕೂತಿರುತ್ತದೆ. ಬೋಲ್ಟು ಮುರಿದರೆ ಮೋಟಾರು ಜಾಗ ಬಿಟ್ಟು ಅಲುಗುತ್ತದೆ. ಅದು ಹಾಕುವ ಬಲ ಸರಿಯಾಗಿ ಗೇರಿಗೆ ತಲುಪುವುದಿಲ್ಲ. ಏನೋ ತಪ್ಪಾಗಿದೆ ಅಂತ ಕಂಪ್ಯೂಟರಿಗೆ ಗೊತ್ತಾಗಿ ಸಹಾಯವನ್ನೇ ನಿಲ್ಲಿಸುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಅದು ಇನ್ನೊಮ್ಮೆ ಪ್ರಯತ್ನಿಸುತ್ತದೆ ಅಷ್ಟೆ. ದೀಪ ಹೋಯಿತು ಅಂದರೆ ಬೋಲ್ಟು ಸರಿಹೋಯಿತು ಅಂತ ಅಲ್ಲ.

ಚಿಕ್ಕಮ್ಮ, ನೀವು ಕುಮಟಾದಿಂದ ಕೇಳಿದ್ದೀರಿ, ಸ್ಟೀರಿಂಗ್ ಕಿತ್ತು ಕೈಗೇ ಬಂದುಬಿಡುತ್ತದಾ ಅಂತ. ಇಲ್ಲ, ಹೆದರಬೇಡಿ. ಸ್ಟೀರಿಂಗಿನಿಂದ ಚಕ್ರದವರೆಗೆ ಉಕ್ಕಿನ ಶಾಫ್ಟು, ಗೇರು ಎಲ್ಲ ಹಾಗೇ ಇರುತ್ತದೆ. ತಿರುಗಿಸಿದರೆ ತಿರುಗುತ್ತದೆ. ಸಹಾಯ ಮಾತ್ರ ಹೋಗುತ್ತದೆ. ವೇಗದಲ್ಲಿ ನೆಟ್ಟಗೆ ಹೋಗುವಾಗ ಅಷ್ಟು ಗೊತ್ತೂ ಆಗುವುದಿಲ್ಲ. ನಿಧಾನವಾಗಿ ಹೋಗುವಾಗ, ತಿರುವಿನಲ್ಲಿ, ಪಾರ್ಕಿಂಗ್‌ನಲ್ಲಿ ಕೈ ಸೋಲುತ್ತದೆ. ಅಪಾಯ ಇರುವುದು ಅದು ಹೇಳದೆ ಕೇಳದೆ ಬರುವುದರಲ್ಲಿ.

ದೊಡ್ಡಪ್ಪ, ಪವರ್ ಸ್ಟೀರಿಂಗ್ ಆಯಿಲ್ ಹಾಕಿಸಿದರೆ ಸಾಕು ಅಂತ ನೀವು ಬರೆದಿದ್ದೀರಿ. ನಿಮ್ಮ ಹಳೆ ಕಾರಿಗೆ ಆ ಮಾತು ಸರಿ. ಅದರಲ್ಲಿ ಪಂಪು, ಬೆಲ್ಟು, ಆಯಿಲ್ ಇತ್ತು. ಇವನ ಕಾರು ಎಲೆಕ್ಟ್ರಿಕ್ ಸ್ಟೀರಿಂಗಿನದು, ಅದಕ್ಕೆ ಹಾಕುವ ಆಯಿಲೇ ಇಲ್ಲ.

ಮತ್ತೆ ತಮ್ಮಾ, ಇದು ನನ್ನ ಒಬ್ಬಳ ಕಾರಿನ ಕಥೆ ಅಂದುಕೊಳ್ಳಬೇಡ. 2018ರ ಮಾರ್ಚ್‌ನಲ್ಲಿ ಟೆಸ್ಲಾ ಕಂಪನಿ ಇದೇ ಕಾರಣಕ್ಕೆ 1 ಲಕ್ಷ 23 ಸಾವಿರ ಮಾಡೆಲ್ ಎಸ್ ಕಾರುಗಳನ್ನು ವಾಪಸ್ ಕರೆಸಿತ್ತು. 2016ರ ಏಪ್ರಿಲ್‌ಗಿಂತ ಮೊದಲು ತಯಾರಾದವು. ಪವರ್ ಸ್ಟೀರಿಂಗ್ ಬೋಲ್ಟುಗಳು ತುಕ್ಕು ಹಿಡಿಯುತ್ತಿವೆ, ಅದೂ ತುಂಬ ಚಳಿ ಇರುವ ಕಡೆ, ಐಸ್ ಕರಗಲಿ ಅಂತ ರಸ್ತೆಗೆ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಉಪ್ಪು ಜಾಸ್ತಿ ಹಾಕುವ ಕಡೆ ಅಂತ ಅವರೇ ತಿಳಿಸಿದ್ದರು. ಆಗ ಯಾರಿಗೂ ಪೆಟ್ಟಾದ ವರದಿ ಇರಲಿಲ್ಲ. ಆದರೂ ಅಷ್ಟೂ ಕಾರನ್ನು ಕರೆಸಿದರು. 2020ರಲ್ಲಿ ಮತ್ತೆ ಅಮೆರಿಕ, ಕೆನಡಾ ಸೇರಿ ಸುಮಾರು 15 ಸಾವಿರ ಮಾಡೆಲ್ ಎಕ್ಸ್ ಕಾರುಗಳು. ಅಲ್ಲೂ ಮೋಟಾರನ್ನು ಗೇರಿಗೆ ಹಿಡಿದಿದ್ದ ಅಲ್ಯೂಮಿನಿಯಂ ಬೋಲ್ಟುಗಳೇ. ಹೊಸ ಬೋಲ್ಟು ಹಾಕಿ, ಮೇಲೆ ತುಕ್ಕು ತಡೆಯುವ ಸೀಲರ್ ಬಳಿದು ಕೊಟ್ಟರು. ಬೇಕಾದವರಿಗೆ ಸ್ಟೀರಿಂಗ್ ಗೇರನ್ನೇ ಬದಲಿಸುವುದಿತ್ತು. ಎಲ್ಲ ಪುಕ್ಕಟೆ. ನಿನ್ನದು ಆ ಕಂಪನಿಯ ಕಾರಲ್ಲ, ನನ್ನದೂ ಅಲ್ಲ. ಆದರೆ ಉಪ್ಪು ಎಲ್ಲರ ರಸ್ತೆಗೂ ಒಂದೇ.

ಈ ಉಪ್ಪಿನ ಮಾತು ಸ್ವಲ್ಪ ಹೇಳಬೇಕು. ಊರಲ್ಲಿ ಅಜ್ಜಿಮನೆಯ ಉಪ್ಪಿನ ಮರಿಗೆ ನಿನಗೆ ನೆನಪಿದೆಯಾ? ಸಾಣಿಕಟ್ಟೆಯ ಉಪ್ಪು. ಮಳೆಗಾಲ ಬಂತು ಅಂದರೆ ಯಾರೂ ನೀರು ಹಾಕದಿದ್ದರೂ ಉಪ್ಪು ಜಿನುಗುತ್ತಿತ್ತು. ಅಡಿಯಲ್ಲಿ ನೀರು ನಿಲ್ಲುತ್ತಿತ್ತು, ಅಜ್ಜಿ ಅದನ್ನು ಬಗ್ಗಿಸಿ ಚೆಲ್ಲುತ್ತಿದ್ದರು. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಸ್ವಲ್ಪ ಉಳಿದಿರುತ್ತದೆ. ಅದು ಗಾಳಿಯಲ್ಲಿರುವ ತೇವವನ್ನು ಎಳೆದುಕೊಂಡು ತಾನೇ ನೀರಾಗುತ್ತದೆ. ಪ್ಯಾಕೆಟ್ಟಿನ ಪುಡಿಯುಪ್ಪು ಅಷ್ಟು ಜಿನುಗದಿರುವುದಕ್ಕೆ ಅದನ್ನು ಶುದ್ಧ ಮಾಡಿರುವುದೇ ಕಾರಣ.

ಈಗ ಇಲ್ಲಿಗೆ, ಕೆನಡಾಕ್ಕೆ ಬಾ. ಬೇಸಿಗೆಯಲ್ಲಿ ನಾವೆಲ್ಲ ಗೋಡ್ರಿಚ್‌ಗೆ ಹೋಗಿದ್ದೆವಲ್ಲ, ಹ್ಯೂರಾನ್ ಸರೋವರದ ದಡಕ್ಕೆ. ಆ ನೀರಿನ ಅಡಿಯಲ್ಲಿರುವುದು ಜಗತ್ತಿನಲ್ಲೇ ದೊಡ್ಡ ನೆಲದಡಿಯ ಉಪ್ಪಿನ ಗಣಿ. ಅಲ್ಲಿಯದು ಸಾಮಾನ್ಯ ಉಪ್ಪು, ನಮ್ಮ ಅಡುಗೆ ಉಪ್ಪಿನ ಜಾತಿ. ಮೈನಸ್ 10 ಡಿಗ್ರಿಯ ಕೆಳಗೆ ಹೋದರೆ ಅದು ಐಸ್ ಕರಗಿಸುವುದು ತೀರಾ ನಿಧಾನ. ಅದಕ್ಕೇ ಕಡು ಚಳಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬಳಸುತ್ತಾರೆ. ಅವು ಮೈನಸ್ 20ರಲ್ಲೂ ಕೆಲಸ ಮಾಡುತ್ತವೆ. ಹಾಕಲೇಬೇಕು, ಇಲ್ಲದಿದ್ದರೆ ಎಷ್ಟು ಜನ ರಸ್ತೆಯಲ್ಲಿ ಸಾಯುತ್ತಾರೋ. ಆದರೆ ಅವೂ ಅಜ್ಜಿಯ ಮರಿಗೆಯ ಉಪ್ಪಿನ ಹಾಗೆ, ಒಣಗುವುದೇ ಇಲ್ಲ. ರಸ್ತೆ ಒಣಗಿದ ಮೇಲೂ ಕಾರಿನ ಅಡಿ ಒದ್ದೆಯಾಗಿಯೇ ಇರುತ್ತದೆ. ಬೋಲ್ಟಿನ ತಲೆಯ ಕೆಳಗೆ, ಸಂದಿಯಲ್ಲಿ ಕೂತ ಆ ಉಪ್ಪುನೀರು ಅಲ್ಯೂಮಿನಿಯಂ ಮೇಲಿನ, ಅದನ್ನು ಕಾಯುವ ತೆಳು ಪದರವನ್ನು ತಿನ್ನುತ್ತದೆ. ಎರಡು ಬೇರೆ ಲೋಹ ತಾಗಿಕೊಂಡಿದ್ದು ನಡುವೆ ಉಪ್ಪುನೀರು ಇದ್ದರೆ ಅದು ಸಣ್ಣ ಬ್ಯಾಟರಿಯ ಹಾಗೆ, ಒಂದು ಲೋಹ ಕರಗುತ್ತಾ ಹೋಗುತ್ತದೆ. ಬಿಗಿದ ಬೋಲ್ಟು ಯಾವಾಗಲೂ ಎಳೆತದಲ್ಲಿರುತ್ತದೆ. ಸ್ವಲ್ಪ ತಿಂದುಹೋದರೂ ಸಾಕು, ಒಂದು ದಿನ ಟಕ್ ಅನ್ನುತ್ತದೆ.

ನಿನ್ನ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್ ಬೆಚ್ಚಗಿರುತ್ತದೆ, ಕಾರಿಗೆ ಒಳ್ಳೆಯದು ಅಂತ ಹೇಳಿದ್ದೆ ನೀನು. ಉಪ್ಪು ಹತ್ತಿದ ಕಾರಿಗೆ ಬೆಚ್ಚಗಿನ ಜಾಗದಲ್ಲಿ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಹೊರಗೆ ಹೆಪ್ಪುಗಟ್ಟಿರುವಾಗ ಅದು ಸುಮ್ನೆ ಕೂತಿರುತ್ತದೆ, ಒಳಗೆ ಕರಗಿ ಕೆಲಸ ಶುರು ಮಾಡುತ್ತದೆ.

ಈಗ ನೀನು ಏನು ಮಾಡಬೇಕು ಕೇಳು. ಇವತ್ತು ರಾತ್ರಿಯೇ ಟೈರಿನ ಗಾಳಿ ನೋಡು. ಚಳಿಗೆ ಗಾಳಿ ಕಡಿಮೆಯಾದರೂ ಸ್ಟೀರಿಂಗ್ ಸ್ವಲ್ಪ ಭಾರ ಆಗುತ್ತದೆ. 12 ವೋಲ್ಟ್ ಬ್ಯಾಟರಿ ಸೋತಿದ್ದರೂ ಕೆಲವು ಕಾರುಗಳಲ್ಲಿ ಈ ದೀಪ ಬರುತ್ತದೆ. ಇವೆರಡೇ ಆಗಿದ್ದರೆ ನಾವು ಪುಣ್ಯವಂತರು. ಆದರೆ ನೀನು ಟಕ್ ಸದ್ದು ಕೇಳಿದ್ದೀಯ. ಅದಕ್ಕೆ ಗಾಳಿಯೂ ಕಾರಣ ಅಲ್ಲ, ಬ್ಯಾಟರಿಯೂ ಅಲ್ಲ.

ಆಮೇಲೆ ವಿನ್ ನಂಬರ್, ಅಂದರೆ ಕಾರಿನ ಗುರುತಿನ ಸಂಖ್ಯೆ, ತೆಗೆದುಕೋ. ಡ್ರೈವರ್ ಕಡೆ ಮುಂದಿನ ಗಾಜಿನ ಮೂಲೆಯಲ್ಲಿ ಹೊರಗಿನಿಂದ ಕಾಣುತ್ತದೆ, ಅಕ್ಷರ ಅಂಕಿ ಸೇರಿ 17. ಕಾರಿನ ಕಂಪನಿಯ ವೆಬ್‌ಸೈಟಿನಲ್ಲಿ ಅದನ್ನು ಹಾಕಿದರೆ ನಿನ್ನ ಕಾರಿಗೆ ಬಾಕಿ ರಿಕಾಲ್, ಅಂದರೆ ಕಂಪನಿಯೇ ವಾಪಸ್ ಕರೆಸಿ ರಿಪೇರಿ ಮಾಡಿಕೊಡುವುದು, ಇದೆಯಾ ಅಂತ ಹೇಳುತ್ತದೆ. ಟ್ರಾನ್ಸ್‌ಪೋರ್ಟ್ ಕೆನಡಾ ಅನ್ನುವ ಸರ್ಕಾರಿ ಇಲಾಖೆಯ ರಿಕಾಲ್ ಪುಟದಲ್ಲಿ ಮಾಡೆಲ್ ಮತ್ತು ವರ್ಷ ಹಾಕಿಯೂ ನೋಡು. ನೀನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಕಂಪನಿಯ ಕಾಗದ ಬಂದಿದ್ದರೂ ಹಳೆ ಮಾಲೀಕರ ವಿಳಾಸಕ್ಕೆ ಹೋಗಿರಬಹುದು. ರಿಕಾಲ್ ಇದ್ದರೆ ಒಂದು ಡಾಲರ್ ಕೂಡ ಕೊಡಬೇಕಾಗಿಲ್ಲ. ಸುಮ್ನೆ ಬೇರೆ ಕಡೆ ದುಡ್ಡು ಹಾಕಿ ಆಮೇಲೆ ಪರದಾಡಬೇಡ.

ನಾಳೆ ಗ್ಯಾರೇಜಿಗೆ ಟೋ ಮಾಡಿಸು. ಸಿಎಎ, ಅಂದರೆ ದಾರಿಯಲ್ಲಿ ಕೆಟ್ಟ ಕಾರಿಗೆ ಸಹಾಯ ಮಾಡುವ ಇಲ್ಲಿಯ ಸಂಘದ ಮೆಂಬರ್‌ಶಿಪ್ ಇದೆಯಲ್ಲ ನಿನಗೆ. ಅಲ್ಲಿ ಹೇಳಬೇಕಾದ ಮಾತು ಒಂದೇ: ಬರೀ ಕಂಪ್ಯೂಟರಿನ ದೋಷದ ಕೋಡ್ ಅಳಿಸಿ ಕಳಿಸಬೇಡಿ, ಲಿಫ್ಟ್ ಮೇಲೆ ಹಾಕಿ ಕೆಳಗಿನ ಕವರ್ ಬಿಚ್ಚಿ ಸ್ಟೀರಿಂಗ್ ಮೋಟಾರಿನ ಬೋಲ್ಟು ನೋಡಿ. ಅವರು ನೋಡುವಾಗ ನೀನೂ ಪಕ್ಕದಲ್ಲಿ ನಿಲ್ಲು. ದೀಪ ಮತ್ತೆ ಹತ್ತಿದರೆ ಫೋಟೋ ತೆಗೆದಿಟ್ಟುಕೋ, ಗ್ಯಾರೇಜಿನಲ್ಲಿ ಹತ್ತದೇ ಇರಬಹುದು.

ಯೂಟ್ಯೂಬ್ ನೋಡಿ ನೀನೇ ಬಿಚ್ಚಲು ಹೋಗಬೇಡ ತಮ್ಮಾ. ನಿನ್ನ ಕೈ ಚುರುಕು ಅಂತ ನನಗೆ ಗೊತ್ತು. ಆದರೆ ಸವೆದ ಬೋಲ್ಟು ಸ್ಪ್ಯಾನರ್ ಹಾಕಿದ ಕೂಡಲೇ ಒಳಗೆ ಮುರಿಯುತ್ತದೆ. ಆಮೇಲೆ ಬೋಲ್ಟಿನ ಖರ್ಚಿನಲ್ಲಿ ಮುಗಿಯುವ ಕೆಲಸ ಪೂರ್ತಿ ಸ್ಟೀರಿಂಗ್ ರ‍್ಯಾಕ್ ಬದಲಿಸುವವರೆಗೆ ಹೋಗುತ್ತದೆ. ಅದು ಸಾವಿರಾರು ಡಾಲರಿನ ಮಾತು. ಹಾರ್ಡ್‌ವೇರ್ ಅಂಗಡಿಯ ಬೋಲ್ಟು ಸೈಜು ಹೊಂದಿತು ಅಂತ ಹಾಕಲೂಬಾರದು. ಯಾವ ಲೋಹ, ಯಾವ ಲೇಪ, ಎಷ್ಟು ಬಿಗಿ ಅಂತ ಕಂಪನಿಯ ಲೆಕ್ಕ ಇರುತ್ತದೆ. ಟಾರ್ಕ್ ವ್ರೆಂಚ್ ಇಟ್ಟು ಬಿಗಿಯಬೇಕು. ಒಂದೇ ಮುರಿದಿದ್ದರೂ ಎಲ್ಲ ಬೋಲ್ಟು ಹೊಸದು ಹಾಕಿಸು, ಹಳೆಯದನ್ನು ಕೇಳಿ ತೆಗೆದುಕೊಂಡು ಬಾ. ನನ್ನದು ಈಗಲೂ ಅಡುಗೆಮನೆಯ ಡ್ರಾಯರಿನಲ್ಲಿದೆ.

ಎಲ್ಲಾದರೂ ಓಡಿಸುವಾಗಲೇ ಮತ್ತೆ ಗಟ್ಟಿಯಾದರೆ, ಇದು ಮನೆಯಲ್ಲಿ ಎಲ್ಲರಿಗೂ ಹೇಳು: ಎರಡೂ ಕೈಯಿಂದ ಗಟ್ಟಿ ಹಿಡಿ, ಕಾಲನ್ನು ಆಕ್ಸಿಲರೇಟರ್‌ನಿಂದ ಮೆಲ್ಲ ತೆಗೆ. ಒಮ್ಮೆಲೇ ಎಳೆದಾಡಬೇಡ. ಯಾಕೆಂದರೆ ಸಹಾಯ ತಟಕ್ಕನೆ ವಾಪಸ್ ಬಂದರೆ ಕಾರು ಜಾಸ್ತಿ ತಿರುಗಿಬಿಡುತ್ತದೆ. ನಾಲ್ಕೂ ಇಂಡಿಕೇಟರ್ ಹಾಕಿ, ಬೇಗ ಬ್ರೇಕ್ ಶುರು ಮಾಡಿ, ಬಲಕ್ಕೆ ನಿಲ್ಲಿಸು. ಓಡುತ್ತಿರುವಾಗ ಆಫ್ ಮಾಡಲು ಹೋಗಬೇಡ.

ರಿಪೇರಿ ಆದ ಮೇಲಿನ ಮಾತು ಆಮೇಲೆ ಮಾತಾಡೋಣ. ಪ್ರತಿ ವರ್ಷ ಹಿಮ ಬೀಳುವ ಮೊದಲು ನಾನು ಅಡಿಗೆ ಎಣ್ಣೆಯ ಸ್ಪ್ರೇ ಹೊಡೆಸುತ್ತೇನೆ. ಚಳಿಗಾಲದಲ್ಲಿ ಸೊನ್ನೆಗಿಂತ ಮೇಲೆ ಬಂದ ದಿನ ಅಡಿ ತೊಳೆಯುವ ವಾಶ್‌ಗೆ ಹೋಗುತ್ತೇನೆ. ಏಪ್ರಿಲ್‌ನಲ್ಲಿ ಒಮ್ಮೆ ಚೆನ್ನಾಗಿ ತೊಳೆಸುತ್ತೇನೆ. ದೊಡ್ಡಪ್ಪ, ನಿಮ್ಮ ಕಾರೂ ಕಡಲ ಗಾಳಿಯಲ್ಲೇ ನಿಲ್ಲುತ್ತದೆ. ಮೇಲೆ ಹೊಳೆಯುವಂತೆ ಒರೆಸುತ್ತೀರಿ, ಮುಂದಿನ ಸರ್ವಿಸ್‌ನಲ್ಲಿ ಅಡಿಯನ್ನೂ ಒಮ್ಮೆ ನೋಡಿಸಿ.

ತಮ್ಮಾ, ಒಟ್ಟಾವಾ ಐದು ಗಂಟೆಗೂ ಜಾಸ್ತಿ ದಾರಿ. 401 ಹೆದ್ದಾರಿಯಲ್ಲಿ ಎರಡೂ ಕಡೆ ಟ್ರಕ್ಕುಗಳು, ಹಿಂದೆ ಮಕ್ಕಳು. ಮಕ್ಕಳಿಗೆ ಬೇಸರ ಆಗುವುದು ಬೇಡ, ಪ್ರಯಾಣ ನಿಲ್ಲಿಸಬೇಡ. ಶುಕ್ರವಾರ ಸಂಜೆ ಏಳಕ್ಕೆ ನಾವಿಬ್ಬರೂ ಎರಡು ಕಾರಲ್ಲಿ ಹ್ಯಾಮಿಲ್ಟನ್‌ಗೆ ಬರುತ್ತೇವೆ, ನನ್ನದನ್ನು ನಿನ್ನ ಹತ್ತಿರ ಬಿಟ್ಟು ಹೋಗುತ್ತೇವೆ. ವಿಂಟರ್ ಟೈರ್ ಹಾಕಿದೆ, ಟ್ಯಾಂಕ್ ತುಂಬಿಸಿರುತ್ತೇನೆ. ಚಿಕ್ಕವಳ ಕಾರ್ ಸೀಟ್ ಮಾತ್ರ ನಿನ್ನ ಕಾರಿನಿಂದ ಟೋ ಮಾಡಿಸುವ ಮೊದಲೇ ತೆಗೆದಿಟ್ಟುಕೋ. ಗ್ಯಾರೇಜಿನವರು ಏನಂದರು ಅಂತ ನಾಳೆ ಮಧ್ಯಾಹ್ನ ಇಲ್ಲೇ ಹಾಕು, ಬೋಲ್ಟಿನ ಫೋಟೋ ಸಮೇತ.