'ಎ ನಂಬರ್ ಆಫ್' ಬಂದರೆ 'ಹ್ಯಾಸ್' ಹಾಕಬೇಕಾ, 'ಹ್ಯಾವ್' ಹಾಕಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ವಿಜಯನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಅಸೋಸಿಯೇಷನ್ ಕಾರ್ಯದರ್ಶಿ ನಾನು. ಕನ್ನಡ ಓದಲು ಬರದವರೂ ಇದ್ದಾರೆ, ಹಾಗಾಗಿ ನೋಟಿಸೆಲ್ಲ ಇಂಗ್ಲಿಷ್‌ನಲ್ಲೇ. ಮೊನ್ನೆ 'ಎ ನಂಬರ್ ಆಫ್ ಓನರ್ಸ್ ಹ್ಯಾವ್ ನಾಟ್ ಪೇಯ್ಡ್ ಮೆಂಟೆನೆನ್ಸ್' ಅಂತ ಬರೆದೆ. 'ಎ' ಇದೆ ಅಂದಮೇಲೆ ಏಕವಚನ, 'ಹ್ಯಾಸ್' ಆಗಬೇಕು ಅಂತ ಒಬ್ಬರು ವಾಟ್ಸಾಪ್‌ನಲ್ಲಿ ತಿದ್ದಿದರು. ಯಾವುದು ಸರಿ?

ಉತ್ತರ (ಕಾಪಿ ಎಡಿಟರ್): ನೀವು ಬರೆದಿದ್ದೇ ಸರಿ ಸರ್. ಇಲ್ಲಿ 'ಎ ನಂಬರ್ ಆಫ್' ಅಂದರೆ ಹಲವರು ಅಂತ ಅಷ್ಟೇ. ದುಡ್ಡು ಕಟ್ಟದವರು ಓನರ್‌ಗಳು, ನಂಬರ್ ಅಲ್ಲವಲ್ಲ. ಕ್ರಿಯಾಪದ ಅವರ ಜೊತೆಗೇ ಹೋಗುತ್ತದೆ.

'ಎ' ಜಾಗಕ್ಕೆ 'ದ' ಬಂದರೆ ಮಾತ್ರ ಲೆಕ್ಕ ಬೇರೆ. ನಮ್ಮ ಮೆಟ್ರೋನೇ ತಗೊಳ್ಳಿ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಶುರುವಾದಾಗ ಇದ್ದದ್ದು 6 ಸ್ಟೇಷನ್. ಈಗ ಎಷ್ಟೋ ಜಾಸ್ತಿಯಾಗಿವೆ. ಅದನ್ನು ಬರೆಯುವಾಗ 'ದ ನಂಬರ್ ಆಫ್ ಸ್ಟೇಷನ್ಸ್ ಹ್ಯಾಸ್ ಗಾನ್ ಅಪ್'. ಏರಿದ್ದು ಒಂದು ಅಂಕಿ, ಅದಕ್ಕೇ 'ಹ್ಯಾಸ್'. ಆದರೆ 'ಎ ನಂಬರ್ ಆಫ್ ಸ್ಟೇಷನ್ಸ್ ಹ್ಯಾವ್ ಪಾರ್ಕಿಂಗ್'. ಪಾರ್ಕಿಂಗ್ ಇರುವುದು ಸ್ಟೇಷನ್‌ಗಳಲ್ಲಿ, ಅಂಕಿಯಲ್ಲಲ್ಲ. ಡೌಟ್ ಬಂದರೆ ಆ ಜಾಗದಲ್ಲಿ 'ಮೆನಿ' ಇಟ್ಟು ಓದಿ. ಸರಿಯಾಗಿ ಕೂತರೆ ಬಹುವಚನ.

ವ್ಯಾಕರಣ ಬಿಟ್ಟು ಇನ್ನೊಂದು ಮಾತು. ಇಂಥ ನೋಟಿಸ್‌ನಲ್ಲಿ 'ಎ ನಂಬರ್ ಆಫ್' ಬೇಡವೇ ಬೇಡ. ಮೂರು ಮನೆಯೂ ಆಗಬಹುದು, ಮೂವತ್ತೂ ಆಗಬಹುದು. ಸುಮ್ನೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವ ಹಾಗಾಗುತ್ತದೆ. ಲೆಕ್ಕದ ಪುಸ್ತಕ ನಿಮ್ಮ ಹತ್ತಿರವೇ ಇದೆ. ಹನ್ನೊಂದು ಜನ ಬಾಕಿ ಇದ್ದರೆ 'ಇಲೆವೆನ್ ಓನರ್ಸ್ ಹ್ಯಾವ್ ನಾಟ್ ಪೇಯ್ಡ್' ಅಂತಲೇ ಹಾಕಿ.

ಇನ್ನೊಬ್ಬರು: 'ದ ನಂಬರ್ ಆಫ್ ವೆಹಿಕಲ್ಸ್ ಇನ್ ದ ಬೇಸ್‌ಮೆಂಟ್ ಆರ್ ಮೋರ್' ಅಂತ ನಮ್ಮ ಆಫೀಸ್ ಮೇಲ್‌ನಲ್ಲಿ ಬಂದಿತ್ತು. ಕಿವಿಗೆ ಸರಿಯಾಗೇ ಕೇಳುತ್ತದೆ, ಅಲ್ವಾ?

ಉತ್ತರ: ಕೇಳುತ್ತದೆ, ಯಾಕೆಂದರೆ 'ನಂಬರ್' ಅಲ್ಲೆಲ್ಲೋ ಹಿಂದೆ ಉಳಿಯಿತು. 'ವೆಹಿಕಲ್ಸ್' ಮಾತ್ರ ಕಿವಿಯಲ್ಲಿ ಇರುತ್ತದೆ. ನಡುವಿನದ್ದನ್ನೆಲ್ಲ ಬೆರಳಿನಿಂದ ಮುಚ್ಚಿ ಓದಿ ನೋಡಿ. 'ದ ನಂಬರ್ ಆರ್' ಅಂತ ಯಾರೂ ಬರೆಯುವುದಿಲ್ಲ. 'ಮೋರ್' ಕೂಡ ತಪ್ಪು. ಗಾಡಿಗಳ ಸಂಖ್ಯೆ ಜಾಸ್ತಿ ಅನ್ನುವುದು ನಮಗೆ ಬಾಯಿಪಾಠ, ಅದೇ ಹಾಗೇ ಇಂಗ್ಲಿಷ್‌ಗೆ ಇಳಿದಿದೆ. ಇಂಗ್ಲಿಷ್‌ನಲ್ಲಿ 'ನಂಬರ್ ಈಸ್ ಹೈ'. ಹೋದ ವರ್ಷಕ್ಕೆ ಹೋಲಿಸುವುದಾದರೆ 'ಈಸ್ ಹೈಯರ್ ದ್ಯಾನ್ ಲಾಸ್ಟ್ ಇಯರ್'.

ಮತ್ತೊಬ್ಬರು: ಟ್ರಾಫಿಕ್‌ಗೂ 'ನಂಬರ್ ಆಫ್' ಹಾಕಬಹುದಾ ಮೇಡಂ?

ಉತ್ತರ: ಇಲ್ಲ, ಎಣಿಸುವಂಥದ್ದಕ್ಕೆ ಮಾತ್ರ. 'ದೇರ್ ಈಸ್ ಎ ಲಾಟ್ ಆಫ್ ಟ್ರಾಫಿಕ್ ಅಟ್ ಸಿಲ್ಕ್ ಬೋರ್ಡ್' ಅನ್ನಿ. ಬಸ್‌ಗಳನ್ನು ಎಣಿಸಬಹುದು, ಆದ್ದರಿಂದ 'ಎ ಲಾರ್ಜ್ ನಂಬರ್ ಆಫ್ ಬಸಸ್ ಆರ್ ಸ್ಟಕ್ ದೇರ್'. ಅಲ್ಲಿ 'ಲಾರ್ಜ್' ಸೇರಿದರೂ 'ಆರ್' ಬದಲಾಗುವುದಿಲ್ಲ.