ಅಪ್‌ಡೇಟ್: ಪಾಮರೇನಿಯನ್ ಮುಂಗಾಲಿಗೆ ನ್ಯಾನೋ ಗ್ರಾಫ್ಟ್ ಹಾಕಿಸಿದೆವು

ಮುಂಗಾಲು ಮುರಿದ ನಮ್ಮ ಪಾಮರೇನಿಯನ್‌ಗೆ ಪ್ಲೇಟ್ ಹಾಕಿದರೂ ಮೂಳೆ ಕೂಡುತ್ತಿಲ್ಲ, ನ್ಯಾನೋ ಹೈಡ್ರಾಕ್ಸಿಅಪಟೈಟ್ (ಮೂಳೆಯಲ್ಲಿರೋ ಥರದ ಖನಿಜದ ಅತಿ ಸಣ್ಣ ಕಣಗಳ ಪುಡಿ) ಹಾಕಿಸಬಹುದಾ ಅಂತ ಕೇಳಿದ್ದೆ. ಹಾಕಿಸಿದ್ವಿ.

ಪುಟ್ಟ ತಳಿಗಳಲ್ಲಿ ಮಣಿಕಟ್ಟಿನ ಮೇಲ್ಭಾಗಕ್ಕೆ ರಕ್ತ ಪೂರೈಕೆ ಕಡಿಮೆಯಂತೆ, ಅದಕ್ಕೇ ಈ ತೊಂದರೆ. ಡಾಕ್ಟ್ರು ಪ್ಲೇಟ್ ಬದಲಾಯಿಸಿ, ಅವಳದೇ ಭುಜದ ಹತ್ತಿರದಿಂದ ಸ್ಪಂಜಿನಂಥ ಒಳಮೂಳೆ ತೆಗೆದು, ಈ ಪುಡಿ ಜೊತೆ ಬೆರೆಸಿ ಮುರಿದ ಸಂದಿಗೆ ತುಂಬಿದರು. ಮೂಳೆಯೊಳಗಿನ ಖನಿಜದ ಹರಳುಗಳೂ ನ್ಯಾನೋ ಗಾತ್ರದವೇ. ಹಾಗಾಗಿ ಜೀವಕೋಶಗಳು ಇದನ್ನ ಸಾರುವೆ ಥರ ಹಿಡಿದು ಬೆಳೀತವೆ. ಭಾರ ಹೊರೋದು ಮಾತ್ರ ಪ್ಲೇಟೇ. ‘ನ್ಯಾನೋ’ ಅಂದ ತಕ್ಷಣ ಪವಾಡ ಅಂದ್ಕೋಬೇಡಿ.

ಇನ್ನೊಂದು: ಪುಡಿಯೇ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತೆ. ಬಿಳುಪು ನೋಡಿ ಕೂಡಿತು ಅನ್ನೋಕಾಗಲ್ಲ. ಎರಡೂ ತುದಿಗಳ ನಡುವೆ ಹೊಸ ಮೂಳೆ ದಾಟಿರಬೇಕು. ಮೊನ್ನೆಯ ಎಕ್ಸ್‌ರೇಯಲ್ಲಿ ಒಂದು ಬದಿ ದಾಟಿದೆ. ಕಾಲು ಊರುತ್ತಿದ್ದಾಳೆ. ಮುಂದಿನ ಎಕ್ಸ್‌ರೇವರೆಗೂ ಓಟ, ಮೆಟ್ಟಿಲು ಎಲ್ಲ ಬಂದ್.